ತೆರೂಮಾ ಪಾರಾಶಾ: ಮೊಳದ ಲೆಕ್ಕ ಇಟ್ಟುಕೊಂಡು ರಾಶಿಯ ವ್ಯಾಖ್ಯಾನ ಓದೋಣ

ಮೊಳಗೋಲು:
ಈ ವಾರದ ಪಾರಾಶಾ (ಯೆಹೂದಿಗಳು ವಾರವಾರ ಓದುವ ತೋರಾ ಭಾಗ; ತೋರಾ ಎಂದರೆ ಬೈಬಲಿನ ಮೊದಲ ಐದು ಪುಸ್ತಕ) ತೆರೂಮಾ, ಅಂದರೆ ಕಾಣಿಕೆ. ವಿಮೋಚನಕಾಂಡ 25:1ರಿಂದ 27:19ರವರೆಗೆ, ಒಟ್ಟು 96 ವಚನ. ಜೊತೆಗೆ ಓದುವ ಹಫ್ತಾರಾ (ಪ್ರವಾದಿಗಳ ಪುಸ್ತಕಗಳಿಂದ ಆಯ್ದ ಭಾಗ) 1 ಅರಸುಗಳು 5:26ರಿಂದ 6:13. ಇಂಗ್ಲಿಷ್ ಕ್ರಮದ ಬೈಬಲುಗಳಲ್ಲಿ ಅದು 5:12ರಿಂದ ಶುರುವಾಗುತ್ತದೆ, ಹುಡುಕುವಾಗ ಗಮನದಲ್ಲಿರಲಿ.

ಈ ಪಾರಾಶಾದಲ್ಲಿ ಕಥೆ ಇಲ್ಲ. ಇಸ್ರಾಯೇಲರು ಮರುಭೂಮಿಯಲ್ಲಿ ಕಟ್ಟಿದ ದೇವರ ಗುಡಾರದ ಮಂಜೂಷ (ಹತ್ತು ಆಜ್ಞೆಗಳ ಕಲ್ಲಿನ ಹಲಗೆಗಳನ್ನಿಡುವ ಪೆಟ್ಟಿಗೆ), ಮೇಜು, ದೀಪಸ್ತಂಭ, ಪರದೆ, ಹಲಿಗೆ, ಬಲಿಪೀಠ, ಅಂಗಳ, ಇವುಗಳ ಅಳತೆ ಅಷ್ಟೆ. ಹಾಗಾಗಿ ಬಹಳ ಜನ ಮೊದಲ ಹತ್ತು ವಚನ ಓದಿ, "ಅವರು ನನಗೆ ಪವಿತ್ರಸ್ಥಾನ ಮಾಡಲಿ, ನಾನು ಅವರ ನಡುವೆ ವಾಸಿಸುವೆನು" (25:8) ಎಂಬಲ್ಲಿ ಒಂದಿಷ್ಟು ಹೊತ್ತು ನಿಂತು, ಉಳಿದದ್ದನ್ನು ಓಡಿಸಿಬಿಡುತ್ತಾರೆ. ನನ್ನ ಅಭಿಪ್ರಾಯ ಇದಕ್ಕೆ ಪೂರ್ತಿ ವಿರುದ್ಧ. ತಾಲ್ಮುದ್‌ನ ಪಂಡಿತರೂ (ಯೆಹೂದಿ ಧರ್ಮಶಾಸ್ತ್ರದ ಚರ್ಚೆಗಳ ಹಳೆಯ ಸಂಗ್ರಹ ಅದು; ಮುಂದೆ ಬರುವ ಯೋಮಾ 72ಬಿ ಮುಂತಾದವು ಅದರ ಭಾಗ, ಪುಟ) ಬೈಬಲ್ ವ್ಯಾಖ್ಯಾನಕಾರ ರಾಶಿಯೂ (1040–1105, ಫ್ರಾನ್ಸಿನ ತ್ರುವಾ ಊರು) ಇಲ್ಲಿ ವಾದ ಮಾಡುವುದೇ ಮೊಳದ ಲೆಕ್ಕದಿಂದ. ಎಲ್ಲೋ ಒಂದು ಮೊಳ ಹೆಚ್ಚಾಗುತ್ತದೆ ಅಥವಾ ಸಾಲುವುದಿಲ್ಲ. ಅಲ್ಲಿಂದಲೇ ವ್ಯಾಖ್ಯಾನ ಹುಟ್ಟುತ್ತದೆ. ಆದ್ದರಿಂದ ಕಾಗದ, ಪೆನ್ಸಿಲ್ ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ವಸ್ತುವನ್ನು ನೋಡೋಣ.

ಅಳತೆಯ ಪದಗಳು ಮೊದಲು. ಒಂದು ಮೊಳ (ಅಮ್ಮಾ) ಅಂದರೆ 6 ಹಿಡಿ (ತೆಫಾಖ್). ಒಂದು ಹಿಡಿ ಅಂದರೆ 4 ಬೆರಳಗಲ, ಹೆಬ್ಬೆರಳಿನ ಲೆಕ್ಕದಲ್ಲಿ. ಇಂದಿನ ಅಳತೆಗೆ ತಿರುಗಿಸುವಾಗ ಇಬ್ಬರು ಯೆಹೂದಿ ಧರ್ಮಗುರುಗಳ ಎರಡು ಪದ್ಧತಿ ಬಳಕೆಯಲ್ಲಿವೆ: ರಬ್ಬಿ ಖಾಯಿಮ್ ನಾಏ ಪ್ರಕಾರ ಮೊಳ 48 ಸೆಂ.ಮೀ., ಖಜೋನ್ ಈಷ್ ಪ್ರಕಾರ ಸುಮಾರು 58 ಸೆಂ.ಮೀ. ಇಲ್ಲಿ ಮೊಳದಲ್ಲೇ ಮಾತಾಡೋಣ, ಇಲ್ಲದಿದ್ದರೆ ಗೊಂದಲ.

ಪುಟದಂಚು:
ಒಳ್ಳೆಯದು. 25:2ರಲ್ಲೇ ಒಂದು ಲೆಕ್ಕ ಇದೆ, ಅದನ್ನು ಬಿಡಬೇಡಿ. ಕಾಣಿಕೆ ಎಂಬ ಮಾತು 2–3ನೇ ವಚನಗಳಲ್ಲಿ ಮೂರು ಸಲ ಬರುತ್ತದೆ. ರಾಶಿ ಅದನ್ನು ಮೂರು ಬೇರೆ ಬೇರೆ ವಸೂಲಿ ಎಂದು ಓದುತ್ತಾರೆ. ಮೊದಲನೆಯದು ತಲೆಗೆ ಅರ್ಧ ಶೆಕೆಲ್ (ಒಂದು ತೂಕ) ಬೆಳ್ಳಿ, ಹಲಿಗೆಗಳ ಕೆಳಗಿನ ಗದ್ದಿಗೆಗಳಿಗೆ. ಎರಡನೆಯದೂ ತಲೆಗೆ ಅರ್ಧ ಶೆಕೆಲ್, ಸಮುದಾಯದ ಬಲಿಗಳನ್ನು ಕೊಳ್ಳಲು. ಮೂರನೆಯದು ಮಾತ್ರ ಅವರವರ ಮನಸ್ಸಿಗೆ ಬಂದಷ್ಟು. ಬಡವ ಬಲ್ಲಿದ ಎಲ್ಲರೂ ಸಮನಾಗಿ ಕೊಟ್ಟ ಬೆಳ್ಳಿಯ ಮೇಲೆ ಇಡೀ ಗುಡಾರ ನಿಂತಿದೆ ಎಂಬುದು ಈ ಲೆಕ್ಕದಿಂದಲೇ ಹೊರಡುತ್ತದೆ.

ನಿಧಾನಓದು:
ರಾಶಿ "ಇಲ್ಲಿ ಹೇಳಿರುವ 13 ವಸ್ತುಗಳು" ಅನ್ನುತ್ತಾರಲ್ಲ, ನಾನು ಎಣಿಸಿದರೆ 15 ಬರುತ್ತಿದೆ. ಚಿನ್ನ, ಬೆಳ್ಳಿ, ತಾಮ್ರ, ನೀಲಿ, ನೇರಳೆ, ಕಡುಗೆಂಪು ನೂಲು, ನಾರುಬಟ್ಟೆಯ ನೂಲು, ಆಡಿನ ಕೂದಲು, ಕೆಂಪು ಹಾಕಿದ ಟಗರಿನ ತೊಗಲು, ತಖಾಷ್ ಎಂಬ ಪ್ರಾಣಿಯ ತೊಗಲು, ಜಾಲಿಮರ, ಎಣ್ಣೆ, ಪರಿಮಳದ್ರವ್ಯ, ಶೋಹಮ್ ಕಲ್ಲು, ಪದಕಕ್ಕೆ ಕೂರಿಸುವ ಕಲ್ಲು. ಎರಡು ಎಲ್ಲಿ ಹೆಚ್ಚಾಯಿತು?

ಪುಟದಂಚು:
ರಾಶಿಯ ವಾಕ್ಯವನ್ನು ಕೊನೆಯವರೆಗೂ ಓದಿ: ಆ 13ರಲ್ಲಿ ಪ್ರತಿಯೊಂದೂ ಗುಡಾರದ ಕೆಲಸಕ್ಕೋ ಯಾಜಕರ ಉಡುಪಿಗೋ ಬೇಕಾಗಿತ್ತು ಎನ್ನುತ್ತಾರೆ. ದೀಪದ ಎಣ್ಣೆಯೂ ಪರಿಮಳದ್ರವ್ಯವೂ ಕಟ್ಟಡಕ್ಕೂ ಅಲ್ಲ, ಉಡುಪಿಗೂ ಅಲ್ಲ. ಕಟ್ಟಿ ಮುಗಿದ ಮೇಲಿನ ಸೇವೆಗೆ. ಅವೆರಡನ್ನು ತೆಗೆದರೆ 13. ಬೇರೆ ರೀತಿಯಲ್ಲಿ ಎಣಿಸುವವರೂ ಇದ್ದಾರೆ, ಆದರೆ ರಾಶಿಯ ಮಾತಿಗೆ ಹೊಂದುವುದು ಇದು.

ನಿಧಾನಓದು:
ಸರಿಹೋಯಿತು. ಇನ್ನೊಂದು: ಮರುಭೂಮಿಯಲ್ಲಿ ಹತ್ತು ಮೊಳದ ಜಾಲಿ ಹಲಿಗೆ ಎಲ್ಲಿಂದ?

ಪುಟದಂಚು:
ಮಿದ್ರಾಷ್ ತನ್ಹೂಮಾ (ಹಳೆಯ ವ್ಯಾಖ್ಯಾನ ಕಥೆಗಳ ಸಂಗ್ರಹ) ಹಿಡಿದು ರಾಶಿ ಹೇಳುವುದು: ಮುಂದೆ ಇದು ಬೇಕಾಗುತ್ತದೆಂದು ಯಾಕೋಬನು ಮೊದಲೇ ತಿಳಿದು, ಐಗುಪ್ತದಲ್ಲಿ ಮರ ನೆಟ್ಟು, ಹೊರಡುವಾಗ ಒಯ್ಯಿರಿ ಎಂದು ಮಕ್ಕಳಿಗೆ ಹೇಳಿದ್ದನು. ಇನ್ನೊಬ್ಬ ವ್ಯಾಖ್ಯಾನಕಾರ ಇಬ್ನ್ ಎಜ್ರಾ ನೇರವಾದ ದಾರಿ ಹಿಡಿಯುತ್ತಾರೆ: ಸೀನಾಯಿಯ ಹತ್ತಿರ ಜಾಲಿ ತೋಪು ಇತ್ತು, ಅಲ್ಲಿಂದ ಕಡಿದರು. ಐಗುಪ್ತದಿಂದ ಅವಸರದಲ್ಲಿ ಹೊರಟವರು ಇಷ್ಟು ದೊಡ್ಡ ಮರ ಹೊತ್ತು ಬಂದರೆಂಬುದು ಅವರಿಗೆ ಒಪ್ಪಿಗೆಯಾಗುವುದಿಲ್ಲ.

ಸಾಲುದೀಪ:
ವಸ್ತುಗಳಿಗೆ ಹೋಗುವ ಮೊದಲು ಕಾಲದ ಪ್ರಶ್ನೆ ಒಂದನ್ನು ಇಲ್ಲೇ ಇಡುತ್ತೇನೆ, ಏಕೆಂದರೆ ಇಡೀ ಪಾರಾಶಾದ ಓದು ಅದರಿಂದ ಬದಲಾಗುತ್ತದೆ. ಚಿನ್ನದ ಬಸವನ ಪ್ರಸಂಗ ಪುಸ್ತಕದಲ್ಲಿ ನಂತರ, 32ನೇ ಅಧ್ಯಾಯದಲ್ಲಿ ಬರುತ್ತದೆ. ಆದರೆ ರಾಶಿ 31:18ರಲ್ಲಿ ಹೇಳುವಂತೆ ತೋರಾದಲ್ಲಿ ಹಿಂದುಮುಂದಿನ ಕಟ್ಟುಪಾಡಿಲ್ಲ. ಬಸವನ ಪಾಪ ತಮ್ಮೂಜ್ ತಿಂಗಳ 17ರಂದು, ಕ್ಷಮೆ ಪ್ರಾಯಶ್ಚಿತ್ತದ ದಿನವಾದ ಯೋಮ್ ಕಿಪ್ಪೂರ್‌ನಂದು, ಮರುದಿನದಿಂದ ಕಾಣಿಕೆ ಶುರು. ಅಂದರೆ ಗುಡಾರ ಬಿದ್ದವರನ್ನು ಎತ್ತುವ ಏರ್ಪಾಡು. ವ್ಯಾಖ್ಯಾನಕಾರ ರಂಬಾನ್ (1194–1270) ಇದನ್ನು ಒಪ್ಪುವುದಿಲ್ಲ. ಬರೆದ ಕ್ರಮವೇ ನಡೆದ ಕ್ರಮ. ಸೀನಾಯಿ ಬೆಟ್ಟದ ಮೇಲೆ ಬಹಿರಂಗವಾಗಿ ಇಳಿದ ಮಹಿಮೆಯೇ ಗುಡಾರದಲ್ಲಿ ಮರೆಯಾಗಿ ನೆಲೆಸುತ್ತದೆ, ಬೆಟ್ಟದ ಅನುಭವ ಜನರ ಜೊತೆಗೇ ಪಯಣಿಸುತ್ತದೆ. ಅದಕ್ಕೇ ರಂಬಾನ್‌ಗೆ ಇಡೀ ಕೆಲಸದ ತಿರುಳು ಮಂಜೂಷ: ಅದರ ಮುಚ್ಚಳದ ಮೇಲಿಂದ ಮಾತು ಬರುವುದು ಮುಂದುವರಿಯುತ್ತದೆ (25:22). ನನಗೆ ರಂಬಾನ್‌ನ ಓದು ಪಠ್ಯದ ಹರಿವಿಗೆ ಹತ್ತಿರ ಎನಿಸುತ್ತದೆ.

ಮೊಳಗೋಲು:
ಹಾಗಾದರೆ ಮಂಜೂಷದಿಂದಲೇ ತೊಡಗೋಣ. ಉದ್ದ 2.5 ಮೊಳ, ಅಗಲ 1.5, ಎತ್ತರ 1.5. "ಒಳಗೂ ಹೊರಗೂ ಚೊಕ್ಕ ಚಿನ್ನ" (25:11). ಇದಕ್ಕೆ ರಾಶಿ ಯೋಮಾ 72ಬಿ ಆಧರಿಸಿ ಕೊಡುವ ವಿಧಾನ: ಗುಡಾರದ ಕುಶಲಕರ್ಮಿ ಬೆಚಲೇಲನು ಮೂರು ಪೆಟ್ಟಿಗೆ ಮಾಡಿದನು, ಎರಡು ಚಿನ್ನದವು, ಒಂದು ಮರದ್ದು. ಚಿನ್ನದ ದೊಡ್ಡ ಪೆಟ್ಟಿಗೆಯಲ್ಲಿ ಮರದ ಪೆಟ್ಟಿಗೆ, ಮರದ ಪೆಟ್ಟಿಗೆಯಲ್ಲಿ ಚಿನ್ನದ ಸಣ್ಣ ಪೆಟ್ಟಿಗೆ. ಮೇಲಂಚಿನಲ್ಲಿ ಮರ ಕಾಣುವ ಜಾಗಕ್ಕೂ ಚಿನ್ನ. ಅಲ್ಲಿಯೇ ತಾಲ್ಮುದ್ ಪಂಡಿತ ರಾವಾ ಹೇಳುವುದು: ಒಳಗು ಹೊರಗಿನಂತಿಲ್ಲದ ವಿದ್ವಾಂಸ ವಿದ್ವಾಂಸನೇ ಅಲ್ಲ. ಈ ಮಾತು ಎಲ್ಲರಿಗೂ ಗೊತ್ತು. ಆದರೆ ಅದು ಬಂದದ್ದು ಮೂರು ಪೆಟ್ಟಿಗೆಯ ಕಟ್ಟಣೆಯಿಂದ ಎಂಬುದು ಮರೆತುಹೋಗಿರುತ್ತದೆ.

ಈಗ ಒಳಗೆ ಏನು ಹಿಡಿಸುತ್ತದೆ ನೋಡಿ. ಬಾವಾ ಬಾತ್ರಾ 14ಎ: ಒಂದೊಂದು ಕಲ್ಲಿನ ಹಲಗೆ 6 ಹಿಡಿ ಉದ್ದ, 6 ಅಗಲ, 3 ದಪ್ಪ.

ರಬ್ಬಿ ಮೇಯಿರ್ ಪ್ರಕಾರ ಮೊಳಕ್ಕೆ 6 ಹಿಡಿ. ಮಂಜೂಷದ ಉದ್ದ 15 ಹಿಡಿ, ಅಗಲ 9. ಎರಡು ಹಲಗೆ ಪಕ್ಕಪಕ್ಕ ಇಟ್ಟರೆ ಉದ್ದದಲ್ಲಿ 12 ಹೋಯಿತು, 3 ಉಳಿಯಿತು. ಎರಡು ಗೋಡೆಗೆ ಅರ್ಧರ್ಧ, ಅಂದರೆ 1. ಉಳಿದ 2 ಹಿಡಿಯಲ್ಲಿ ತೋರಾ ಸುರುಳಿ. ಅಗಲದಲ್ಲಿ 6 ಹೋಗಿ 3 ಉಳಿಯಿತು, ಗೋಡೆಗೆ 1, ಇನ್ನು 2 ಹಿಡಿ ತೆರಪು. ಸುರುಳಿ ಒತ್ತಿ ತುರುಕದೆ ಇಡಲು, ತೆಗೆಯಲು ಅದು ಬೇಕು.

ರಬ್ಬಿ ಯೆಹೂದಾ ಪ್ರಕಾರ ಪಾತ್ರೆ ಪೀಠಗಳಿಗೆ ಬಳಸುವ ಮೊಳ 5 ಹಿಡಿಯದು. ಉದ್ದ 12.5, ಅಗಲ 7.5. ಹಲಗೆಗಳು 12 ಹಿಡಿದರೆ ಉಳಿದದ್ದು ಅರ್ಧ ಹಿಡಿ, ಅದು ಗೋಡೆಗಳಿಗೇ ಸರಿ, ಪ್ರತಿ ಗೋಡೆಗೆ ಒಂದು ಬೆರಳು. ಸುರುಳಿಗೆ ಜಾಗವೇ ಇಲ್ಲ! ಹಾಗಾಗಿ ಅವರ ಮಟ್ಟಿಗೆ ಸುರುಳಿ ಇದ್ದದ್ದು ಹೊರಗೆ, ಪಕ್ಕಕ್ಕೆ ಇರಿಸಿದ ಪೆಟ್ಟಿಗೆಯ ಮೇಲೆ. ಮೊಳದಲ್ಲಿ ಒಂದು ಹಿಡಿ ಕಡಿಮೆಯಾದರೆ ತೋರಾ ಸುರುಳಿ ಮಂಜೂಷದಿಂದ ಹೊರಗೆ ಬರುತ್ತದೆ. ಈ ಪಾರಾಶಾದ ಚರ್ಚೆಗಳೆಲ್ಲ ಹೀಗೆಯೇ ನಡೆಯುವುದು.

ಹಲಿಗೆಕೆಲಸ:
ಹೊರುವ ಕೋಲುಗಳ ಬಗ್ಗೆ ಸೇರಿಸುತ್ತೇನೆ. ನಾಲ್ಕು ಬಳೆ, ಎರಡು ಕೋಲು. ಬಹಳ ಚಿತ್ರಗಳಲ್ಲಿ ಕೋಲು ಮಂಜೂಷದ ಉದ್ದದ ಬದಿಗೆ ಸಮನಾಗಿ ಓಡುತ್ತದೆ. ರಾಶಿ (25:12) ಹೇಳುವುದು ಬೇರೆ: ಕೋಲುಗಳು ಅಗಲದ ಬದಿಗಳಲ್ಲಿ, ಇವೆರಡರ ನಡುವೆ ಮಂಜೂಷದ ಉದ್ದ, ಅಂದರೆ 2.5 ಮೊಳ ತೆರಪು. ಕಾರಣ ಮೆನಾಖೋತ್ 98ಬಿಯಲ್ಲಿ ಇದೆ: ಕೋಲುಗಳ ನಡುವೆ ಇಬ್ಬರು ನಡೆಯಬೇಕು. 1.5 ಮೊಳದಲ್ಲಿ, ಸುಮಾರು 72 ಸೆಂ.ಮೀ.ಯಲ್ಲಿ, ಇಬ್ಬರು ಪಕ್ಕಪಕ್ಕ ಹೆಜ್ಜೆ ಹಾಕಲಾಗದು.

ಬಳೆ ಎಷ್ಟು ಎತ್ತರದಲ್ಲಿ? ರಾಶಿ: ಮೇಲಿನ ಮೂಲೆಗಳಲ್ಲಿ, ಮುಚ್ಚಳದ ಹತ್ತಿರ. ಇಬ್ನ್ ಎಜ್ರಾ: ಮಂಜೂಷಕ್ಕೆ ಕಾಲುಗಳಿದ್ದವು, ಬಳೆ ಅಲ್ಲಿ. ರಂಬಾನ್ ಕೂಡ ಕೆಳಗೇ ಇಡುತ್ತಾರೆ. ಕೆಳಗೆ ಹಿಡಿದು ಎತ್ತುವುದು ಭಾರ ಎಂಬುದನ್ನು ಅವರು ಅಲ್ಲಗಳೆಯುವುದಿಲ್ಲ. ಹೊರುವವರ ಹೆಗಲ ಮೇಲೆ ಮಂಜೂಷ ಎತ್ತರದಲ್ಲಿ ಕಾಣುವುದು ಅದಕ್ಕೆ ಸಲ್ಲುವ ಗೌರವ ಎನ್ನುತ್ತಾರೆ. ಕೈಯಿಂದ ಕೆಲಸ ಮಾಡುವವರಿಗೆ ರಾಶಿಯ ಮಾತು ಮೊದಲು ಸರಿ ಕಾಣುತ್ತದೆ: ಭಾರದ ನಡುಬಿಂದು ಹಿಡಿದ ಜಾಗದ ಕೆಳಗಿದ್ದರೆ ಹೊರೆ ಮಗುಚುವುದಿಲ್ಲ.

ನಿಧಾನಓದು:
ಕೋಲು ಎಂದಿಗೂ ತೆಗೆಯಬಾರದು ಎಂದು 25:15 ಹೇಳುತ್ತದೆ. ಆದರೆ ಅರಣ್ಯಕಾಂಡ 4:6ರಲ್ಲಿ, ಪ್ರಯಾಣಕ್ಕೆ ಹೊರಡುವಾಗ ಮಂಜೂಷವನ್ನು ಮುಚ್ಚಿ "ಅದರ ಕೋಲುಗಳನ್ನು ಹಾಕಬೇಕು" ಎಂದಿದೆ. ತೆಗೆಯದೇ ಇದ್ದದ್ದನ್ನು ಹಾಕುವುದು ಹೇಗೆ?

ಪುಟದಂಚು:
ಪ್ರಶ್ನೆ ಹಳೆಯದು, ಯೋಮಾ 72ಎಯ ಮೇಲೆ ಟಿಪ್ಪಣಿ ಬರೆದ ತೋಸಾಫೋತ್‌ನವರು ಇದನ್ನೇ ಕೇಳುತ್ತಾರೆ. ಅವರ ಉತ್ತರ: ಬಳೆ ಒಟ್ಟು ಎಂಟು. 25:12ರಲ್ಲಿ "ನಾಲ್ಕು ಬಳೆ" ಎಂದ ಮೇಲೆ "ಮತ್ತು ಎರಡು ಬಳೆ ಒಂದು ಬದಿಗೆ" ಎಂದು ಬರುವುದನ್ನು ಹೆಚ್ಚುವರಿ ನಾಲ್ಕು ಎಂದು ಓದುತ್ತಾರೆ. ಒಂದು ಜೊತೆ ಕೋಲು ಸದಾ ಬಳೆಯಲ್ಲಿ, ಇನ್ನೊಂದು ಜೊತೆ ಹೊರುವಾಗ ಮಾತ್ರ. ಇನ್ನೊಂದು ಬಗೆ: ಅಲ್ಲಿನ "ಹಾಕುವುದು" ಎಂದರೆ ಹೊರುವವರ ಹೆಗಲಿಗೆ ಹೊಂದಿಸುವುದು.

ಅದೇ ಪುಟದಲ್ಲಿ ತಾಲ್ಮುದ್ ಇನ್ನೊಂದು ತೊಡಕನ್ನೂ ಬಿಡಿಸುತ್ತದೆ. ಕೋಲು "ಬಳೆಗಳಲ್ಲೇ ಇರಬೇಕು" ಅಂದರೆ ಅಲುಗಾಡದೆ ಬಿಗಿಯಾಗಿರಬೇಕೆ? ಇಲ್ಲ: ಸಡಿಲವಾಗಿ ಸರಿಯುತ್ತವೆ, ಆದರೆ ಕಳಚುವುದಿಲ್ಲ. ಕೋಲಿನ ತುದಿ ದಪ್ಪ, ನಡು ತೆಳು ಎಂದು ಇಟ್ಟುಕೊಂಡರೆ ಇದು ಸಾಧ್ಯ. ತೆಗೆದವನಿಗೆ ಛಡಿಯೇಟು. ತೋರಾದ ಆಜ್ಞೆಗಳನ್ನು ಎಣಿಸಿದ ಇನ್ನೊಬ್ಬ ಪಂಡಿತ ರಂಬಾಮ್‌ನ ಪಟ್ಟಿಯಲ್ಲಿ ಇದು 86ನೇ ನಿಷೇಧ, ಅಂಥದೇ ಪುಸ್ತಕವಾದ ಸೆಫೆರ್ ಹಖಿನೂಖ್‌ನಲ್ಲಿ 96ನೇ ಆಜ್ಞೆ. ಮೇಜಿಗೆ, ಬಲಿಪೀಠಕ್ಕೆ ಈ ನಿಷೇಧ ಇಲ್ಲ ಎಂಬುದನ್ನು ಗಮನಿಸಿ.

ಮೊಳಗೋಲು:
ಮುಚ್ಚಳ, ಅಂದರೆ ಕಪ್ಪೋರೆತ್, 2.5 × 1.5 ಮೊಳ. ದಪ್ಪ ವಚನದಲ್ಲಿಲ್ಲ, ಸುಕ್ಕಾ 5ಎ ಒಂದು ಹಿಡಿ ಎನ್ನುತ್ತದೆ. ಅದರ ಮೇಲಿನ ಕೆರೂಬಿಗಳನ್ನು (ರೆಕ್ಕೆಯ ಪ್ರತಿಮೆಗಳು) ಬೇರೆ ಮಾಡಿ ಬೆಸೆಯುವಂತಿಲ್ಲ. ರಾಶಿ ವಿಧಾನ ಹೇಳುತ್ತಾರೆ: ಎರಕದಲ್ಲಿ ಚಿನ್ನ ಧಾರಾಳವಾಗಿ ತೆಗೆದುಕೊಂಡು, ನಡುವೆ ಸುತ್ತಿಗೆಯಿಂದ ಬಡಿಯುತ್ತಾ ಬಂದರೆ ಎರಡು ತುದಿಯಲ್ಲಿ ಚಿನ್ನ ಮೇಲಕ್ಕೆ ಉಬ್ಬುತ್ತದೆ, ಆ ಉಬ್ಬಿನಲ್ಲಿ ಕೆರೂಬಿಗಳನ್ನು ಕಡೆಯಬೇಕು. ಮುಖ ಮಗುವಿನದು. ರೆಕ್ಕೆಯ ಕೆಳಗೆ ಮುಚ್ಚಳದವರೆಗೆ 10 ಹಿಡಿ ತೆರಪು.

ಸಾಲುದೀಪ:
ಮೇಜಿಗೆ ಬರೋಣ, ಇಲ್ಲಿ ರೊಟ್ಟಿಯ ತಂತ್ರ ಬಹಳ ಇದೆ. ಮೇಜು 2 ಮೊಳ ಉದ್ದ, 1 ಅಗಲ, 1.5 ಎತ್ತರ. 25:29ರ ನಾಲ್ಕು ಪಾತ್ರೆಗಳ ಹೆಸರನ್ನು ಅನುವಾದಗಳು ತಟ್ಟೆ, ಬಟ್ಟಲು ಎಂದು ಸುಮ್ಮನೆ ದಾಟಿಸುತ್ತವೆ. ರಾಶಿ ಮೆನಾಖೋತ್‌ನ ಹನ್ನೊಂದನೆಯ ಅಧ್ಯಾಯ ಹಿಡಿದು ಪ್ರತಿಯೊಂದಕ್ಕೂ ಕೆಲಸ ಹೇಳುತ್ತಾರೆ.

ಮೊದಲು ರೊಟ್ಟಿ. ಹನ್ನೆರಡು, ಪ್ರತಿಯೊಂದಕ್ಕೂ ಎಫಾದ (ಧಾನ್ಯದ ಅಳತೆ) ಹತ್ತನೇ ಎರಡು ಪಾಲು ಹಿಟ್ಟು. ಒಂದು ಪಾಲು 43.2 ಮೊಟ್ಟೆಯ ಗಾತ್ರ. ಹಾಗಾಗಿ ಒಂದು ರೊಟ್ಟಿಗೆ 86.4 ಮೊಟ್ಟೆಯಷ್ಟು. ಹುಳಿ ಹಾಕುವುದಿಲ್ಲ. ನಾದುವುದು ಒಂದೊಂದಾಗಿ, ಸುಡುವುದು ಎರಡೆರಡಾಗಿ. ಒಂದೊಂದು ರೊಟ್ಟಿ 10 ಹಿಡಿ ಉದ್ದ, 5 ಅಗಲ, ಎರಡು ತುದಿ ಮೇಲಕ್ಕೆ ಮಡಚಿ ನಿಂತಿರುತ್ತದೆ. ಆಕಾರದಲ್ಲಿ ಎರಡು ಮತ: ರಬ್ಬಿ ಖನೀನಾ ಎರಡು ಬದಿ ತೆರೆದ ಪೆಟ್ಟಿಗೆಯ ಹಾಗೆ ಎಂದರು, ರಬ್ಬಿ ಯೋಖಾನಾನ್ ತಳ ಚೂಪಾದ, ಓಲಾಡುವ ದೋಣಿಯ ಹಾಗೆ ಎಂದರು. ರಾಶಿ ಪೆಟ್ಟಿಗೆಯ ಪಕ್ಷ.

ಮೇಜಿನ ಮೇಲೆ ಹೇಗೆ ಕೂರುತ್ತದೆ? ಉದ್ದವನ್ನು ಮೇಜಿನ ಅಗಲಕ್ಕೆ ಅಡ್ಡ ಇಡಬೇಕು. ರಬ್ಬಿ ಯೆಹೂದಾ ಲೆಕ್ಕದಲ್ಲಿ ಮೇಜು 10 × 5 ಹಿಡಿ. ರೊಟ್ಟಿಯ 10 ಹಿಡಿಯಲ್ಲಿ ಎರಡು ತುದಿಗೂ ಎರಡೂವರೆ ಮಡಚಿದರೆ ನಡುವೆ 5 ಉಳಿಯಿತು, ಅಗಲಕ್ಕೆ ಸರಿ. ಎರಡು ಸಾಲು ಪಕ್ಕಪಕ್ಕ 5+5, ಮೇಜು ಪೂರ್ತಿ ತುಂಬಿತು. ರಬ್ಬಿ ಮೇಯಿರ್ ಲೆಕ್ಕದಲ್ಲಿ ಮೇಜು 12 × 6. ತುದಿಗೆ ಎರಡೆರಡು ಮಡಚಿದರೆ ನಡು 6, ಅಗಲಕ್ಕೆ ಸರಿ. ಉದ್ದದಲ್ಲಿ 5+5, ನಡುವೆ 2 ಹಿಡಿ ಖಾಲಿ, ಗಾಳಿ ಆಡಲು.

ಗಾಳಿ ಯಾಕೆ ಇಷ್ಟು ಮುಖ್ಯ? ಶುಕ್ರವಾರ ಸುಟ್ಟ ರೊಟ್ಟಿ ಸಬ್ಬತ್‌ನಂದು ಮೇಜಿಗೆ ಬಂದು, ಮುಂದಿನ ಸಬ್ಬತ್‌ನಲ್ಲಿ ಯಾಜಕರ ಊಟಕ್ಕೆ. ಮಿಷ್ನಾ (ತಾಲ್ಮುದ್ ಚರ್ಚೆಯ ಮೂಲಪಾಠ) ಪ್ರಕಾರ ಒಂಬತ್ತನೆಯ ದಿನಕ್ಕಿಂತ ಮೊದಲಿಲ್ಲ. ಗುರುವಾರ, ಶುಕ್ರವಾರ ಎರಡೂ ರೋಷ್ ಹಶಾನಾ (ಹೊಸವರ್ಷದ ಹಬ್ಬ) ಆಗಿ ಬಂದರೆ ಹನ್ನೊಂದು ದಿನವೂ ಆಗುತ್ತದೆ. ಆರು ರೊಟ್ಟಿ ಒಂದರ ಮೇಲೊಂದು ಒತ್ತಿ ಕೂತರೆ ತಳದವು ಬೂಷ್ಟು ಹಿಡಿಯುತ್ತವೆ, ಭಾರಕ್ಕೆ ಸೀಳುತ್ತವೆ. ಅದಕ್ಕೇ ಚಿನ್ನದ ಅರೆಕೊಳವೆಗಳು, ಬಿದಿರನ್ನು ಉದ್ದಕ್ಕೆ ಸೀಳಿದ ಹಾಗೆ. ಸಾಲಿಗೆ 14, ಒಟ್ಟು 28: ತಳದ ರೊಟ್ಟಿ ಮೇಜಿನ ಮೇಲೇ ಕೂರುವುದರಿಂದ ಅದಕ್ಕೆ ಇಲ್ಲ; ನಡುವಿನ ನಾಲ್ಕಕ್ಕೆ ಮೂರು ಮೂರು; ಮೇಲಿನದರ ಮೇಲೆ ಭಾರವಿಲ್ಲ, ಅದಕ್ಕೆ ಎರಡೇ ಸಾಕು. ಕೊಳವೆಯ ಭಾರ ರೊಟ್ಟಿಯ ಮೇಲೆ ಬೀಳದಿರಲು ಪಕ್ಕದಲ್ಲಿ ಕವಲು ಕಡಿದ ಚಿನ್ನದ ಕಂಬಗಳು, ಅವುಗಳ ಮೇಲೆ ಕೊಳವೆಯ ತುದಿ.

ಅಚ್ಚುಗಳು ಬೇರೆ. ರಾಶಿ ಎರಡು ಹೇಳುತ್ತಾರೆ: ಸುಡಲು ಕಬ್ಬಿಣದ್ದು, ಒಲೆಯಿಂದ ತೆಗೆದ ಮೇಲೆ ಮರುದಿನ ಮೇಜಿಗೆ ಹೋಗುವವರೆಗೆ ಆಕಾರ ಕೆಡದಿರಲು ಚಿನ್ನದ್ದು.

ನಿಧಾನಓದು:
ಕೊಳವೆಗಳನ್ನು ಸಬ್ಬತ್ ದಿನ ಜೋಡಿಸಬಹುದಿತ್ತೆ?

ಸಾಲುದೀಪ:
ಇಲ್ಲ, ಮಿಷ್ನಾದಲ್ಲಿ ಸ್ಪಷ್ಟವಾಗಿದೆ. ಶುಕ್ರವಾರವೇ ಒಳಹೋಗಿ ಹಳೆಯ ರೊಟ್ಟಿಗಳ ನಡುವಿನಿಂದ ಕೊಳವೆ ಎಳೆದು ಮೇಜಿನ ಉದ್ದಕ್ಕೆ ಇಡುತ್ತಾರೆ. ಸಬ್ಬತ್‌ನಲ್ಲಿ ರೊಟ್ಟಿ ಬದಲಾಯಿಸುವುದು ಮಾತ್ರ. ಅದೂ ಖಾಲಿ ಬಿಡದೆ: ಈಚಿನವರು ಎಳೆಯುತ್ತಿದ್ದಂತೆ ಆಚಿನವರು ಇಡುತ್ತಾರೆ, ಒಬ್ಬರ ಹಿಡಿಯ ಪಕ್ಕದಲ್ಲೇ ಇನ್ನೊಬ್ಬರ ಹಿಡಿ, ಏಕೆಂದರೆ 25:30ರಲ್ಲಿ "ಯಾವಾಗಲೂ" ಎಂದಿದೆ. ರಬ್ಬಿ ಯೋಸೆ ಒಪ್ಪುವುದಿಲ್ಲ: ಬೆಳಿಗ್ಗೆ ತೆಗೆದು ಸಂಜೆ ಇಟ್ಟರೂ ಅದು "ಯಾವಾಗಲೂ" ಎಂಬುದಕ್ಕೆ ಸಲ್ಲುತ್ತದೆ.

ಹಾಗೇ ಯೋಮಾ 38ಎಯನ್ನೂ ಓದಿ. ಯೆರೂಸಲೇಮಿನ ಎರಡನೆಯ ದೇವಾಲಯದಲ್ಲಿ ಈ ರೊಟ್ಟಿ ಸುಡುತ್ತಿದ್ದವರು ಗರ್ಮೂ ಮನೆತನ. ಅವರು ವಿದ್ಯೆ ಹೇಳಿಕೊಡಲಿಲ್ಲವೆಂದು ಅಲೆಕ್ಸಾಂಡ್ರಿಯಾದಿಂದ ಬೇರೆಯವರನ್ನು ಕರೆಸಿದರು. ಬಂದವರಿಗೆ ಸುಡಲು ಬರುತ್ತಿತ್ತು. ಒಲೆಯ ಒಳಗೋಡೆಯಿಂದ ಮುರಿಯದಂತೆ ಬಿಡಿಸಲು ಬರಲಿಲ್ಲ. ಅದಕ್ಕೆ ಹೊರಗಿನಿಂದ ಉರಿಹಾಕಿ ಹೊರಗೇ ಸುಟ್ಟರು, ರೊಟ್ಟಿ ಬೂಷ್ಟು ಹಿಡಿಯಿತು. ಒಳಗೆ ಉರಿಹಾಕಿ ಒಳಗೆ ಸುಟ್ಟ ಗರ್ಮೂ ಮನೆಯವರ ರೊಟ್ಟಿ ಬೂಷ್ಟು ಹಿಡಿಯುತ್ತಿರಲಿಲ್ಲ.

ಮೊಳಗೋಲು:
ದೀಪಸ್ತಂಭವನ್ನೂ ನೀವೇ ಹೇಳಿ, ಹೆಸರೇ ಸಾಲುದೀಪ.

ಸಾಲುದೀಪ:
ಆಗಲಿ. ಒಂದು ತಲಾಂತು ಚಿನ್ನ, ಅಂದರೆ 3000 ಶೆಕೆಲ್. ಇದನ್ನು 38:25–26ರಿಂದ ತೆಗೆಯಬಹುದು: 603,550 ಜನ ಅರ್ಧರ್ಧ ಕೊಟ್ಟರೆ 301,775 ಶೆಕೆಲ್, ವಚನ ಅದನ್ನೇ 100 ತಲಾಂತು ಮತ್ತು 1775 ಶೆಕೆಲ್ ಎನ್ನುತ್ತದೆ.

ವಚನದಲ್ಲಿ ಎತ್ತರ ಇಲ್ಲ. ಮೆನಾಖೋತ್ 28ಬಿ ಕೊಡುತ್ತದೆ, 18 ಹಿಡಿ, ಕೆಳಗಿನಿಂದ ಮೇಲಕ್ಕೆ ಹೀಗೆ: ಕಾಲು ಮತ್ತು ಹೂವು 3, ನುಣುಪು 2, ಬಟ್ಟಲು, ಗುಂಡು, ಹೂವು ಇರುವ ಭಾಗ 1, ನುಣುಪು 2, ಗುಂಡು ಮತ್ತು ಅದರಿಂದ ಹೊರಡುವ ಎರಡು ಕೊಂಬೆ 1, ನುಣುಪು 1, ಗುಂಡು, ಎರಡು ಕೊಂಬೆ 1, ನುಣುಪು 1, ಗುಂಡು, ಎರಡು ಕೊಂಬೆ 1, ನುಣುಪು 2, ಕೊನೆಯ 3ರಲ್ಲಿ ಮೂರು ಬಟ್ಟಲು, ಒಂದು ಗುಂಡು, ಒಂದು ಹೂವು. ಕೂಡಿ ನೋಡಿ, 18.

ಬಟ್ಟಲು 22: ಆರು ಕೊಂಬೆಗೆ ಮೂರರಂತೆ 18, ನಡುಗಂಬಕ್ಕೆ 4. ಗುಂಡು 11: ಕೊಂಬೆಗಳಲ್ಲಿ 6, ನಡುಗಂಬದಲ್ಲಿ 2, ಕೊಂಬೆ ಹೊರಡುವ ಜಾಗದಲ್ಲಿ 3. ಹೂವು 9: ಕೊಂಬೆಗಳಲ್ಲಿ 6, ನಡುಗಂಬದಲ್ಲಿ 2, ಕಾಲಿನ ಹತ್ತಿರ 1. ಚಿತ್ರ ಬರೆಯುವವರು ಸಾಮಾನ್ಯವಾಗಿ ತಪ್ಪುವುದು ಆ ಒಂಬತ್ತನೆಯ ಹೂವಿನಲ್ಲಿ.

ಚಿನ್ನದಿಂದ ಮಾಡಿದರೆ ಮಾತ್ರ ಬಟ್ಟಲು, ಗುಂಡು, ಹೂವು, ತಲಾಂತು ತೂಕ ಇವೆಲ್ಲ ಕಡ್ಡಾಯ. ಬೇರೆ ಲೋಹವಾದರೆ ಬೇಡ. ಹಶ್ಮೋನಾಯರು (ಯೆಹೂದಿ ಯಾಜಕ ಮನೆತನ) ದೇವಾಲಯವನ್ನು ಮರಳಿ ಪಡೆದಾಗ ಕಬ್ಬಿಣದ ಸರಳಿಗೆ ತವರ ಹೊದಿಸಿ ಮಾಡಿದರು, ಕೈಯಲ್ಲಿ ಹಣವಾದಾಗ ಬೆಳ್ಳಿ, ಆಮೇಲೆ ಚಿನ್ನ. ಆದರೆ ಹರಕುಮುರುಕು ಲೋಹದ ಚೂರುಗಳಿಂದ ಮಾಡಿದ್ದು ಸಲ್ಲದು, ಏಳರಲ್ಲಿ ಒಂದು ಕೊಂಬೆ ಕಡಿಮೆಯಾದರೂ ಸಲ್ಲದು.

ಹಲಿಗೆಕೆಲಸ:
ಕೊಂಬೆ ಬಾಗಿದ್ದೋ ನೆಟ್ಟಗೋ?

ಸಾಲುದೀಪ:
ರಾಶಿ 25:32ರಲ್ಲಿ ಓರೆಯಾಗಿ ಮೇಲಕ್ಕೆ ಎನ್ನುತ್ತಾರೆ. ಕೆಳಗಿನ ಜೋಡಿ ಎಲ್ಲಕ್ಕಿಂತ ಉದ್ದ, ತಲೆಗಳೆಲ್ಲ ಒಂದೇ ಮಟ್ಟ. ರಂಬಾಮ್ (1138–1204) ಬರೆದ ಚಿತ್ರದಲ್ಲೂ ಕೊಂಬೆಗಳು ನೆಟ್ಟಗಿವೆ, ತಂದೆ ಬೇಕೆಂದೇ ಹಾಗೆ ಬರೆದರೆಂದು ಮಗ ಅವ್ರಹಾಮ್ ಸಾಕ್ಷಿ ಹೇಳುತ್ತಾರೆ. ರೋಮಿನ ಟೈಟಸ್ ಕಮಾನಿನ ಮೇಲಿರುವುದು ಬಾಗಿದ ಕೊಂಬೆ. ಅಲ್ಲಿನ ಕೆಳಗಟ್ಟೆ ಎಂಟು ಮೂಲೆಯದು. ರಾಶಿ ಹೇಳುವ ಮೂರು ಕಾಲಿನ ಪೆಟ್ಟಿಗೆಯಂಥ ತಳಕ್ಕೆ ಅದು ಹೊಂದುವುದಿಲ್ಲ.

ಹಲಿಗೆಕೆಲಸ:
ಹಲಿಗೆಗಳನ್ನು ನಾನು ತೆಗೆದುಕೊಳ್ಳುತ್ತೇನೆ. 48 ಹಲಿಗೆ: ದಕ್ಷಿಣಕ್ಕೆ 20, ಉತ್ತರಕ್ಕೆ 20, ಪಶ್ಚಿಮಕ್ಕೆ 8. ಒಂದೊಂದು 10 ಮೊಳ ಎತ್ತರ, 1.5 ಅಗಲ. ದಪ್ಪ ವಚನದಲ್ಲಿಲ್ಲ. ಪಶ್ಚಿಮದ ಗೋಡೆಯಿಂದ ಅದನ್ನು ಕಂಡುಹಿಡಿಯಬಹುದು: 8 × 1.5 = 12 ಮೊಳ. ಒಳ ಅಗಲ 10. ಆರು ಹಲಿಗೆ 9 ತುಂಬುತ್ತವೆ. ಮೂಲೆಯ ಎರಡರಲ್ಲಿ ಅರ್ಧರ್ಧ ಮೊಳ ಒಳಕ್ಕೆ, ಉಳಿದ ಒಂದೊಂದು ಮೊಳ ಉತ್ತರ ದಕ್ಷಿಣ ಗೋಡೆಗಳ ದಪ್ಪವನ್ನು ಮುಚ್ಚುತ್ತದೆ. ಹಾಗಾಗಿ ದಪ್ಪ 1 ಮೊಳ.

ಇದು ರಬ್ಬಿ ನೆಖೆಮ್ಯಾ ಮತದಲ್ಲಿ ತಳದಿಂದ ತುದಿಯವರೆಗೂ. ರಬ್ಬಿ ಯೆಹೂದಾ (ಷಬ್ಬಾತ್ 98ಬಿ) ತಳದಲ್ಲಿ ಮೊಳ, ತುದಿಯಲ್ಲಿ ಬೆರಳಗಲಕ್ಕೆ ಸಣ್ಣಗಾಗುತ್ತದೆ ಎನ್ನುತ್ತಾರೆ. ತೂಕದ ವ್ಯತ್ಯಾಸ ನೋಡಿ: 48 ಸೆಂ.ಮೀ. ಮೊಳದಲ್ಲಿ ಇಡೀ ದಪ್ಪದ ಹಲಿಗೆ ಸುಮಾರು 1.66 ಘನಮೀಟರ್, ಗಟ್ಟಿಮರ ಟನ್ನಿಗೂ ಮಿಗಿಲು ತೂಗುತ್ತದೆ. ಯೆಹೂದಾ ಮತದಲ್ಲಿ ಅದರ ಅರ್ಧಕ್ಕಿಂತ ಚೂರು ಹೆಚ್ಚು. ಹಲಿಗೆ ಸಾಗಿಸುವ ಮೆರಾರೀಯರಿಗೆ ಸಿಕ್ಕಿದ್ದು ನಾಲ್ಕೇ ಗಾಡಿ, ಎಂಟು ಎತ್ತು (ಅರಣ್ಯಕಾಂಡ 7:8).

ಇನ್ನು ರಾಶಿ 26:17, ಈ ಪಾರಾಶಾದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಹಲಿಗೆಯ ತಳದಲ್ಲಿ ಒಂದು ಮೊಳ ಎತ್ತರಕ್ಕೆ ನಡುಭಾಗ ಕೆತ್ತಿ ತೆಗೆಯಬೇಕು. ತೆಗೆದ ಅಗಲ ಹಲಿಗೆಯ ಅರ್ಧ. ಎರಡು ಪಕ್ಕದಲ್ಲಿ ಕಾಲು ಕಾಲು ಉಳಿದು ಎರಡು ಕಾಲುಗಳಾಗುತ್ತವೆ. ಅವು ಎರಡು ಬೆಳ್ಳಿ ಗದ್ದಿಗೆಯ ಕುಳಿಗಳಲ್ಲಿ ಇಳಿಯುತ್ತವೆ. ಗದ್ದಿಗೆ ಒಂದೊಂದು ಒಂದು ತಲಾಂತು, ಎತ್ತರ 1 ಮೊಳ, ಒಂದಕ್ಕೊಂದು ತಾಗಿ ಸಾಲಾಗಿ ನಿಂತಿರುತ್ತವೆ. ಒಟ್ಟು 100: ಹಲಿಗೆಗೆ 96, ಒಳಪರದೆಯ ಕಂಬಗಳಿಗೆ 4.

ಕಷ್ಟ ಇಲ್ಲಿ. ಗದ್ದಿಗೆಯ ಕುಳಿಗೆ ಸುತ್ತಲೂ ಬೆಳ್ಳಿಯ ಅಂಚು ಇದೆ. ಕಾಲು ಹಲಿಗೆಯ ಹೊರಗೆರೆಗೆ ಸಮನಾಗಿದ್ದರೆ, ಪಕ್ಕದ ಎರಡು ಗದ್ದಿಗೆಗಳ ಅಂಚು ಹಲಿಗೆ ಹಲಿಗೆಯ ನಡುವೆ ಬಂದು, ಗೋಡೆಯಲ್ಲಿ ಮೇಲಿನಿಂದ ಕೆಳಗೆ ಸಂದು ಬೀಳುತ್ತದೆ. ಅದಕ್ಕೆ ರಾಶಿ ಕಾಲಿನ ಮೂರು ಬದಿಯಲ್ಲೂ ಅಂಚಿನ ದಪ್ಪದಷ್ಟು ಸವರಿಸುತ್ತಾರೆ. ಆಗ ಹಲಿಗೆ ಅಂಚಿನ ಮೇಲೇ ಕೂತು ಇಡೀ ಗದ್ದಿಗೆಯನ್ನು ಮುಚ್ಚುತ್ತದೆ, ಪಕ್ಕದ ಹಲಿಗೆಗೆ ತಾಗುತ್ತದೆ. "ಕೆಳಗೆ ಜೋಡಿಯಾಗಿರಬೇಕು" (26:24) ಎಂದರೆ ಇದೇ.

ಅಗುಳಿ ಬದಿಗೆ ಐದು. ರಾಶಿ ಪ್ರಕಾರ ಮೇಲಿನ ಸಾಲಿನಲ್ಲಿ ಎರಡು ತುಂಡು, ಕೆಳಗಿನ ಸಾಲಿನಲ್ಲಿ ಎರಡು, ತಲಾ 15 ಮೊಳ, ಬಳೆಗಳೊಳಗೆ. ನಡುವಿನ ಒಂದು ಮಾತ್ರ ಹಲಿಗೆಗಳನ್ನೇ ಕೊರೆದು ಈ ತುದಿಯಿಂದ ಆ ತುದಿಗೆ, 30 ಮೊಳ.

ನಿಧಾನಓದು:
ಪರದೆಗಳ ಲೆಕ್ಕ ನನಗೆ ಯಾವಾಗಲೂ ತಪ್ಪುತ್ತದೆ. ಯಾರಾದರೂ ಬಿಡಿಸಿ ಹೇಳಿ.

ಮೊಳಗೋಲು:
ನೇಯ್ದ ಪರದೆ ಹತ್ತು, ಒಂದೊಂದು 28 × 4. ಐದೈದು ಹೊಲಿದು ಎರಡು ಜೊತೆ, ನೀಲಿ ಕುಣಿಕೆಗೆ 50 ಚಿನ್ನದ ಕೊಂಡಿ. ಎಲ್ಲ ಸೇರಿ 28 × 40. ಗುಡಾರದ ಒಳಗು 30 × 10, ಎತ್ತರ 10.

ಅಗಲದಲ್ಲಿ: 28ರಲ್ಲಿ 10 ಚಾವಣಿಗೆ. ಉಳಿದ 18, ಬದಿಗೆ 9. ನೆಖೆಮ್ಯಾ ಮತದಲ್ಲಿ ಹಲಿಗೆಯ ದಪ್ಪ 1 ತಿನ್ನುತ್ತದೆ, 8 ಇಳಿಬೀಳುತ್ತದೆ, ತಳದ 2 ಮೊಳ ಬಯಲು. ಇದರ ಮೇಲೆ ಆಡುಕೂದಲಿನ ಪರದೆ 30 ಅಗಲ, ಬದಿಗೆ ಒಂದು ಮೊಳ ಹೆಚ್ಚು, ಅದು ಇನ್ನೊಂದು ಮೊಳ ಮುಚ್ಚುತ್ತದೆ. ಕೊನೆಯ ಮೊಳ ಗದ್ದಿಗೆಯ ಬೆಳ್ಳಿ, ಅದು ಕಾಣುತ್ತಲೇ ಇರುತ್ತದೆ. ಯೆಹೂದಾ ಮತದಲ್ಲಿ ತುದಿ ಬೆರಳಗಲವೇ ಆದ್ದರಿಂದ ನೇಯ್ದ ಪರದೆ 9 ಇಳಿದು ಗದ್ದಿಗೆ ಮಾತ್ರ ಕಾಣುತ್ತದೆ, ಆಡುಕೂದಲಿನದು ಅದನ್ನೂ ಮುಚ್ಚುತ್ತದೆ.

ಉದ್ದದಲ್ಲಿ ನಿಜವಾದ ವಾದ. 49 ಅಳತೆಗಳ ಬರೈತಾ (ಮಿಷ್ನಾ ಕಾಲದ, ಆದರೆ ಅದರಲ್ಲಿ ಸೇರದ ಪಾಠ) ಹೇಳುವುದು: 30 ಚಾವಣಿ, 1 ಪೂರ್ವದ ಕಂಬಗಳ ದಪ್ಪ, 1 ಪಶ್ಚಿಮದ ಹಲಿಗೆಯ ದಪ್ಪ, ಹಿಂದೆ ಇಳಿಬೀಳುವುದು 8. ಷಬ್ಬಾತ್ 98ಬಿ ಹೇಳುವುದು: ಪೂರ್ವದ ಕಂಬಗಳಿಗೆ ಹೊದಿಕೆ ಇಲ್ಲ, ಹಿಂದೆ 9. ರಾಶಿ ಇವೆರಡನ್ನೂ ಕೊಟ್ಟು 26:33ರಿಂದ ತೀರ್ಮಾನಿಸುತ್ತಾರೆ: ಒಳಪರದೆಯನ್ನು ಕೊಂಡಿಗಳ ನೇರ ಕೆಳಗೆ ತೂಗುಹಾಕಬೇಕು. ಕೊಂಡಿ ಇರುವುದು ಮುಂದಿನ ಅಂಚಿನಿಂದ 20 ಮೊಳಕ್ಕೆ. ಬರೈತಾ ಪ್ರಕಾರ ಅದರಲ್ಲಿ ಒಂದು ಮೊಳ ಕಂಬಕ್ಕೆ ಹೋಗಿ ಒಳಗೆ 19 ಆಗುತ್ತದೆ, ಒಳಪರದೆಯ ಹಿಂದಿನ ಮಹಾಪವಿತ್ರಸ್ಥಾನ 11 ಮೊಳ ಆಗಿಬಿಡುತ್ತದೆ. ಅದು 10 ಇರಬೇಕು. ಷಬ್ಬಾತ್‌ನ ಲೆಕ್ಕದಲ್ಲಿ ಸರಿಯಾಗಿ 20 ಮತ್ತು 10.

ಆಡುಕೂದಲಿನ ಪರದೆ ಹನ್ನೊಂದು, 44 ಉದ್ದ. ಅರ್ಧ ಪರದೆ, 2 ಮೊಳ, ಮುಂದೆ ಬಾಗಿಲಿನ ಮೇಲೆ ಮಡಚಿ ಬೀಳುತ್ತದೆ. ರಾಶಿ ಇದನ್ನು ಮುಖಕ್ಕೆ ಸೆರಗು ಎಳೆದ ಲಜ್ಜೆಯ ಮದುಮಗಳು ಎನ್ನುತ್ತಾರೆ. ಹಿಂದೆ ಉಳಿದದ್ದು ನೆಲದ ಮೇಲೆ ಎಳೆಯುತ್ತದೆ.

ಇನ್ನೊಂದು ವಿಷಯ, ಮಾದರಿ ಮಾಡುವವರಿಗೆ. ಮುಂದಿನ ಆರು ಪರದೆಯಲ್ಲಿ, ಅಂದರೆ 24 ಮೊಳದಲ್ಲಿ, 2 ಬಾಗಿಲಿಗೆ ಹೋದರೆ ತಾಮ್ರದ ಕೊಂಡಿಗಳು 22ನೇ ಮೊಳಕ್ಕೆ ಬರುತ್ತವೆ. ಕೆಳಗಿನ ಚಿನ್ನದ ಕೊಂಡಿ 20ಕ್ಕೆ. ಎರಡು ಜೋಡಣೆ ಒಂದರ ಮೇಲೊಂದು ಬರುವುದಿಲ್ಲ. ಬಹಳ ಮಾದರಿಗಳಲ್ಲಿ ಒಂದೇ ಗೆರೆಗೆ ತಂದಿರುತ್ತಾರೆ, ಅದು ತಪ್ಪು.

ನಿಧಾನಓದು:
ಈಗ ಅರ್ಥವಾಯಿತು. ಅಂಗಳ ಮತ್ತು ಬಲಿಪೀಠ ಉಳಿದಿವೆ.

ಪುಟದಂಚು:
ಅಂಗಳ 100 × 50. ರಾಶಿ 27:18: ಪೂರ್ವದ 50 × 50 ಬಯಲು, ಪಶ್ಚಿಮದ 50ರಲ್ಲಿ ಗುಡಾರ, ಹಿಂದೆ 20, ಎರಡು ಬದಿಗೆ 20. ಇದು ಒಳ ಅಳತೆ ಹಿಡಿದದ್ದು. ಹಲಿಗೆಯ ದಪ್ಪ ಸೇರಿಸಿದರೆ ಬದಿಗೆ 19 ಬರುತ್ತದೆ.

ಬಲಿಪೀಠ 5 × 5, ಎತ್ತರ 3 ಮೊಳ. ರಬ್ಬಿ ಯೆಹೂದಾ: ಬರೆದಷ್ಟೇ, ಮೂರೇ. ರಬ್ಬಿ ಯೋಸೆ: ಇಲ್ಲೂ ಧೂಪವೇದಿಗೂ "ಚಚ್ಚೌಕ" ಎಂದಿದೆ, ಧೂಪವೇದಿ 1 ಮೊಳ ಉದ್ದಕ್ಕೆ 2 ಎತ್ತರ, ಆದ್ದರಿಂದ ಇದು 5ಕ್ಕೆ 10. ವಚನದ 3 ಮೊಳ ನಡುವಿನ ಕಟ್ಟೆಯಿಂದ ಮೇಲಕ್ಕೆ. ಜೆವಾಖೀಮ್ 59ಬಿಯಲ್ಲಿ ಯೆಹೂದಾ ಕೇಳುತ್ತಾರೆ: ಅಂಗಳದ ತೆರೆ 5 ಮೊಳ ತಾನೆ? ಹತ್ತು ಮೊಳದ ಪೀಠದ ಮೇಲೆ ಯಾಜಕ ಸೇವೆಯ ವಸ್ತು ಕೈಯಲ್ಲಿ ಹಿಡಿದು ನಿಂತರೆ ಹೊರಗಿನ ಜನರೆಲ್ಲ ನೋಡುವುದಿಲ್ಲವೆ? ಯೋಸೆ: ಆ 5 ಮೊಳ ಪೀಠದ ಅಂಚಿನಿಂದ ಮೇಲಕ್ಕೆ, ತೆರೆ ಒಟ್ಟು 15.

ಹಲಿಗೆಕೆಲಸ:
ಯೆಹೂದಾ ಮತದಲ್ಲೂ ಪೀಠ 3, ಮನುಷ್ಯ ಸುಮಾರು 3, ಒಟ್ಟು 6, ತೆರೆ 5. ತಲೆ ಕಾಣುತ್ತದಲ್ಲ?

ಪುಟದಂಚು:
ಕಾಣುತ್ತದೆ, ತಾಲ್ಮುದ್ ಅದನ್ನೂ ಎತ್ತುತ್ತದೆ. ಯಾಜಕ ಕಂಡರೂ ಅವನ ಕೈಯಲ್ಲಿರುವ ಸೇವೆ ಕಾಣುವುದಿಲ್ಲ, ಅಷ್ಟು ಸಾಕು ಎಂಬುದು ಅಲ್ಲಿನ ಉತ್ತರ. ಅಂದರೆ ಮರೆಯಾಗಬೇಕಾದದ್ದು ಎದೆಯ ಮಟ್ಟದ ಕೈಗಳು, ತಲೆಯಲ್ಲ.